ಕೊಳೆನಾ, ಕೆಲಸನಾ?

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಬೀಗ ತೆರೆದು ಅರ್ಧ ಗಂಟೆಯಾಗಿದೆ. ಬ್ಯಾಕ್ಟೀರಿಯಾ ಬೆಳೆಸಲೆಂದು ಕುದಿಸಿಟ್ಟ ಅಗಾರ್ ಗಂಜಿಯ ಫ್ಲಾಸ್ಕಿಗೆ ಕೈಯ ಹಿಂಬದಿ ತಾಗಿಸಿ, "ಇನ್ನೂ ಉರಿ ಇಳಿದಿಲ್ವಲ್ಲೋ ನಿಂಗೆ" ಎಂದು ಗದರುತ್ತಾರೆ ಗಾಜಿನಕ್ಕ. ಥರ್ಮಾಮೀಟರ್ ಪಾಪ, ಪಕ್ಕದಲ್ಲೇ ಕೆಲಸವಿಲ್ಲದೆ ಬಿದ್ದಿದೆ. ದಿನಕ್ಕೆ ನೂರಿಪ್ಪತ್ತು ಪ್ಲೇಟಿಗೆ ಗಂಜಿ ಹೊಯ್ಯುವುದು, ಇನ್ನೂರು ಗಾಜಿನ ಪಾತ್ರೆ ತೊಳೆಯುವುದು ಅವರ ಕೆಲಸ; ಆ ಹೆಸರು ಬಂದದ್ದೂ ಅದರಿಂದಲೇ.

"ಆಗೆಲ್ಲ ಪ್ಲೇಟೂ ಗಾಜಿಂದೇ. ಜೋಡಿಸ್ತಿದ್ರೆ ಕಿಣಿಕಿಣಿ ಅನ್ನೋದು. ಈ ಪ್ಲಾಸ್ಟಿಕ್ಕು ಮೂಗಬಸವ."

ಸಂಶೋಧಕರು ಹೊಸ ಸಂಯುಕ್ತ ತಯಾರಿಸಿ, ಬ್ಯಾಕ್ಟೀರಿಯಾ ಹರಡಿದ ಪ್ಲೇಟಿನ ಹೆಪ್ಪುಗಟ್ಟಿದ ಗಂಜಿಯಲ್ಲಿ ಕೊರೆದ ಪುಟ್ಟ ಗುಳಿಯೊಳಗೆ ಹನಿಸುತ್ತಾರೆ. ಮರುದಿನ ಗುಳಿಯ ಸುತ್ತ ಏನೂ ಬೆಳೆಯದೆ ತಿಳಿಯಾದ ವೃತ್ತ ಉಳಿದಿದ್ದರೆ ಸಂಯುಕ್ತ ಬ್ಯಾಕ್ಟೀರಿಯಾವನ್ನು ತಡೆದಿದೆ, ಗೆದ್ದಂತೆ. ಇಲ್ಲಿ ಅದಕ್ಕೆ ಉಂಗುರ ಎನ್ನುತ್ತಾರೆ. ಪ್ರಬಂಧದಲ್ಲಿ ಹತ್ತು ಜನರ ಹೆಸರು ಬರುತ್ತದೆ, ಅಕ್ಕನದು ಬರುವುದಿಲ್ಲ. ಅವರಿಗೆ ಆ ಬೇಸರವೂ ಇಲ್ಲ.

ಇರುವ ಕೊರಗೇ ಬೇರೆ, ಇಪ್ಪತ್ತೆರಡು ವರ್ಷ ಹಳೆಯದು. "ಫ್ಲಾಸ್ಕಿನ ತಳಕ್ಕೆ ಹಳದಿ ಏನೋ ಅಂಟ್ಕೊಂಡಿತ್ತು. ಹಾಳು ಕೊಳೆ ಅಂತ ತಿಕ್ಕಿ ತಿಕ್ಕಿ ಪಳಪಳ ಅನ್ನಿಸ್ಬಿಟ್ಟೆ. ಒಂದು ಹುಡುಗಿಯ ಎಂಟು ತಿಂಗಳ ಕೆಲಸ ಅದು! ಯಾರ ಜೀವ ಉಳಿಸೋ ಔಷಧಿನೋ ಏನೋ, ಮೋರಿ ಪಾಲಾಯ್ತು."

ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಆದರೆ ಗುರುಗಳ ಮುಂದೆ "ನನ್ನ ಕೈ ಜಾರಿತು ಸರ್" ಎಂದಳು. ಅಕ್ಕನ ನೌಕರಿ ಉಳಿಯಿತು. ಅಂದಿನಿಂದ ಏನೇ ತೊಳೆಯುವ ಮೊದಲು ಅವರದು ಒಂದೇ ಪ್ರಶ್ನೆ: "ಇದು ಕೊಳೆನಾ, ಕೆಲಸನಾ?"

ಆ ಹುಡುಗಿಯೇ ಈಗ ಇಲ್ಲಿನ ಮುಖ್ಯಸ್ಥೆ. ತಿಂಗಳ ಕೊನೆಗೆ ಅಕ್ಕನ ನಿವೃತ್ತಿ. "ಹೋಗೋದ್ರೊಳಗೆ ಆ ಹಳದಿಯ ಉಂಗುರ ಒಂದ್ಸಲ ನೋಡ್ಬೇಕು ಮೇಡಂ" ಎಂದು ಅಕ್ಕ ಕೇಳಿದ್ದೇ ತಡ, ಮುಖ್ಯಸ್ಥೆ ಹಳೆಯ ನೋಟ್‌ಬುಕ್ ಹುಡುಕಿ, ದಾರಿ ಗೊತ್ತಿದ್ದರಿಂದ ಈ ಸಲ ಎರಡೇ ವಾರದಲ್ಲಿ ಅದೇ ಸಂಯುಕ್ತವನ್ನು ಮತ್ತೆ ತಯಾರಿಸಿದ್ದಾರೆ. ನಿನ್ನೆ ಪ್ಲೇಟಿಗೆ ಹನಿಸಿದ್ದೂ ಆಗಿದೆ.

ಫಲಿತಾಂಶ ನೋಡಲೆಂದು ಇವತ್ತು ಮುಖ್ಯಸ್ಥೆಯೂ ಬೇಗ ಬಂದಿದ್ದಾರೆ. ಈಗ ಇಬ್ಬರೂ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ಗುಳಿಯ ಅಂಚಿನವರೆಗೂ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆದಿದೆ. ಉಂಗುರವಿಲ್ಲ.

"ಅಯ್ಯೋ! ಹಾಗಾದ್ರೆ ಇಷ್ಟು ವರ್ಷ ಸುಮ್ಸುಮ್ನೆ ಕೊರಗಿದ್ನಾ?"

"ನಾನೂ ಸುಮ್ಸುಮ್ನೆ ಅತ್ತೆ ಅಕ್ಕಾ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಕ್ಕ ತೋಳಿನಿಂದ ಕಣ್ಣೊರೆಸಿಕೊಂಡು, ಸಂಯುಕ್ತ ತಯಾರಿಸಿದ, ತಳದಲ್ಲಿ ಹಳದಿ ಅಂಟಿದ ಫ್ಲಾಸ್ಕ್ ಎತ್ತಿ ಸಿಂಕಿನ ಕಡೆ ಹೊರಡುತ್ತಾರೆ. ನಲ್ಲಿಗೆ ಕೈಹಾಕಿದವರು ರೂಢಿಬಲದಿಂದ ತಿರುಗುತ್ತಾರೆ.

"ಮೇಡಂ, ಇದು ಕೊಳೆನಾ, ಕೆಲಸನಾ?"

ಮುಖ್ಯಸ್ಥೆ ಬಂದು ನಲ್ಲಿಯ ಮೇಲಿದ್ದ ಅವರ ಕೈ ಹಿಡಿಯುತ್ತಾರೆ. "ಕೆಲಸ ಅಕ್ಕಾ. ಹಾಗೇ ಇಟ್ಬಿಡಿ."