ಮೇಹುವಾ ಹೇಳದ ಮಾತು

ಗಾಳಿ, ಗ್ರಹ, ಮೈಮೇಲೆ ಬರುವುದು ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಅಮೃತೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಯಾರಿಗಾದರೂ ಮೈಮೇಲೆ ಬಂತೆಂದರೆ ಸ್ಕೂಲಿನ ಹುಡುಗಿಯರೆಲ್ಲ ಓಡಿಹೋಗಿ ನೋಡುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ಹೆದರಿಕೆಯಿಂದಲ್ಲ, ಅದು ಸುಳ್ಳು ಎಂದು ನನಗೆ ಅನ್ನಿಸುತ್ತಿತ್ತು, ಅಷ್ಟೇ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಅನು, ಕಿಟ್ಟಿ, ನಿಮ್ಮಮ್ಮನ ಕೆಲಸದಲ್ಲೂ ನನಗೆ ನಂಬಿಕೆ ಇರಲಿಲ್ಲ. ಎದುರಿಗೆ ಕೂತು ಮಾತಾಡಿಸಿದರೆ ಮನಸ್ಸಿನ ಕಾಯಿಲೆ ವಾಸಿಯಾಗುತ್ತದೆ ಎಂದು ಅವಳು ಹೇಳಿದಾಗ ತಲೆಯಾಡಿಸುತ್ತಿದ್ದೆ. ಒಳಗೆ ಮಾತ್ರ, ಮಾತ್ರೆ ಕೊಡದ ಇವಳೆಂಥ ಡಾಕ್ಟರು ಎಂದುಕೊಳ್ಳುತ್ತಿದ್ದೆ. ಅದರಲ್ಲೂ ತುಮಕೂರಿನಲ್ಲಿ ಕೂತು ಆ ವಿದ್ಯೆಯನ್ನು ಚೀನಾದವರಿಗೆ ಕಂಪ್ಯೂಟರಿನಲ್ಲಿ ಕಲಿಸುವುದು ಎಂದರೆ ಯಾರು ತಾನೇ ನಂಬುತ್ತಾರೆ.

ಹೀಗಿದ್ದ ನನಗೆ ಒಂದು ಸಂಜೆ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ಆಯಾಸ. ಆದರೆ ನಿಮ್ಮ ಮುಖ ನೋಡಿಕೊಂಡು ಹೇಳಲು ನನ್ನಿಂದ ಆಗುವುದಿಲ್ಲ. ನಾನು ಮಾತಿನವಳಲ್ಲ ಎಂದು ನಿಮಗೆ ಗೊತ್ತೇ ಇದೆ.

ಆಗ ನಿಮ್ಮ ತಾತ ಹೋಗಿ ಒಂದು ವರ್ಷ ಕಳೆದಿತ್ತು. ನಿಟ್ಟೂರಿನಲ್ಲಿ ಅವರದು ಮೊದಲು ಸೈಕಲ್ ಶಾಪ್ ಇತ್ತು, ಆಮೇಲೆ ಅಲ್ಲೇ ಮೊಪೆಡ್ಡು, ಬೈಕುಗಳ ರಿಪೇರಿ. ಅದನ್ನು ಮುಚ್ಚಿಸಿ ನಿಮ್ಮಮ್ಮ ನನ್ನನ್ನು ತುಮಕೂರಿಗೆ ಕರೆತಂದಳು. ನನ್ನನ್ನು ಯಾರೂ ಕಡೆಗಣಿಸಲಿಲ್ಲ. ನಿಮ್ಮಪ್ಪ ಹಿರೇಹಳ್ಳಿ ಫ್ಯಾಕ್ಟರಿಯಿಂದ ಬರುವಾಗ ನನಗೆಂದೇ ಬಾಳೆಹಣ್ಣು ತರುತ್ತಿದ್ದರು. ಆದರೂ ನನಗೆ ಸುಸ್ತು. ಬೆಳಿಗ್ಗೆ ಏಳುವಾಗಲೇ ಇಡೀ ದಿನ ದುಡಿದವಳ ಹಾಗೆ ಮೈ ಭಾರ. ಒಲೆಯ ಮೇಲೆ ಬೇಳೆ ಇಟ್ಟು, ಯಾಕೆ ಇಟ್ಟೆ ಎಂದು ಮರೆತು ನಿಲ್ಲುತ್ತಿದ್ದೆ. ಅಳು ಮಾತ್ರ ಬರುತ್ತಿರಲಿಲ್ಲ. ನಿಮ್ಮ ತಾತನ ಹೆಣದ ಮುಂದೆಯೂ ಬರಲಿಲ್ಲ.

ನಿಮ್ಮಮ್ಮ ಗೀತಾಳ ಪಾಠ ಸಂಜೆ ಕಾಫಿಯ ಹೊತ್ತಿಗೆ ಶುರುವಾಗುತ್ತಿತ್ತು. ಅಲ್ಲಿ ಆಗಲೇ ರಾತ್ರಿ ಊಟ ಮುಗಿದಿರುತ್ತಿತ್ತಂತೆ. ಚೀನಾದಲ್ಲಿ ಊರುಗಳು ದೊಡ್ಡವು, ಕಷ್ಟ ಕೇಳಿಸಿಕೊಳ್ಳಲು ಕಲಿತವರು ಕಡಿಮೆ, ಕಲಿಸುವವರು ಇನ್ನೂ ಕಡಿಮೆ. ಅದಕ್ಕಾಗಿ ನಾಲ್ಕಾರು ದೇಶದ ಮೇಷ್ಟ್ರುಗಳು ಸೇರಿಕೊಂಡು ತಮ್ಮ ತಮ್ಮ ಮನೆಯಿಂದಲೇ ಪಾಠ ಮಾಡುತ್ತಿದ್ದರು. ಗೀತಾಳ ಪಾಲಿಗೆ ಎಂಟು ಜನ ಬಂದಿದ್ದರು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಲಿನ್ ಎಂಬ ಹುಡುಗಿ ಅವರ ಭಾಷೆಗೆ ತಿರುಗಿಸುತ್ತಿದ್ದಳು. ಪಾಠದ ಹೊತ್ತಿನಲ್ಲಿ ನಾನು ಮಿಕ್ಸಿ ಹಾಕುವಂತಿರಲಿಲ್ಲ. ಒಮ್ಮೆ ಮರೆತು ಕುಕ್ಕರ್ ಇಟ್ಟೆ. ಅದರ ಕೂಗು ಚೀನಾದವರೆಗೂ ಹೋಗಿ, ನಿಮ್ಮ ಮನೆ ರೈಲ್ವೆ ಸ್ಟೇಷನ್ ಪಕ್ಕದಲ್ಲಿದೆಯೇ ಎಂದು ಒಬ್ಬರು ಕೇಳಿದರಂತೆ. ಆಮೇಲೆ ಆ ಹೊತ್ತಿನಲ್ಲಿ ನಾನು ಅಡಿಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಸುಮ್ಮನೆ ಕೂತಿರುತ್ತಿದ್ದೆ.

ಅವರಲ್ಲಿ ಒಂದು ಪಾಠವಿತ್ತು. ಕಲಿಯುವವರು ತಮಗೆ ಒಂದಕ್ಷರವೂ ಬಾರದ ಭಾಷೆಯವರ ಎದುರಿಗೆ ಅರ್ಧ ಗಂಟೆ ಕೂರಬೇಕು. ನಡುವೆ ತಿರುಗಿಸಿ ಹೇಳುವವರು ಇರುವುದಿಲ್ಲ. ಎದುರಿನವರು ಏನು ಬೇಕಾದರೂ ಮಾತಾಡಬಹುದು. ಇವರು ಮುಖ ನೋಡುತ್ತಾ, ದನಿ ಕೇಳುತ್ತಾ ಕೂತಿರಬೇಕು. ಬರೆದುಕೊಳ್ಳುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ. ಮುಗಿದ ಮೇಲೆ ಒಬ್ಬೊಬ್ಬರೇ ಮೇಷ್ಟ್ರ ಹತ್ತಿರ ಬಂದು, ಆ ಮನುಷ್ಯನಲ್ಲಿ ತಮಗೆ ಏನು ಕಂಡಿತು ಎಂದು ನೆನಪಿನಿಂದ ಹೇಳಬೇಕು. ಮಾತಿಗೆ ಮೊದಲು ಮನುಷ್ಯನನ್ನು ಕೇಳಲು ಕಲಿಯಲಿ ಎಂದು ಹೀಗೆ ಮಾಡುತ್ತಾರಂತೆ.

ಇದಕ್ಕೆ ಗೀತಾ ಕನ್ನಡದ ಎಂಟು ಜನರನ್ನು ಗೊತ್ತು ಮಾಡಿದ್ದಳು. ಅವರಲ್ಲಿ ಎದುರು ಮನೆಯ ಸರೋಜಮ್ಮ ಒಬ್ಬರು. ಆ ದಿನ ಅವರು ಗುಬ್ಬಿಯಲ್ಲಿ ನೆಂಟರ ಮದುವೆಗೆ ಹೋದವರು ಬರಲೇ ಇಲ್ಲ. ಪಾಠ ಶುರುವಾಗುವ ಹೊತ್ತಾಯಿತು. ಗೀತಾ ಅಡಿಗೆಮನೆಗೆ ಬಂದಳು.

"ಅಮ್ಮ, ನೀನೇ ಬಂದು ಕೂತ್ಕೊಂಡ್‌ಬಿಡು."

"ನಂಗ್ ಬರಲ್ಲ ಕಣೇ."

"ಬರೋದೇನಿದೆ ಅದ್ರಲ್ಲಿ? ಸಾರು ಮಾಡೋದ್ ಹೆಂಗೆ ಅಂತ ಹೇಳು ಬೇಕಾದ್ರೆ. ಅವ್ರಿಗೆ ಒಂದಕ್ಷರ ಅರ್ಥ ಆಗಲ್ಲ. ನಾನೂ ಇರಲ್ಲ, ಮಹಡಿ ಮೇಲಿರ್ತೀನಿ."

ಮೇಷ್ಟ್ರಾದವರು ಸ್ವಂತ ಮನೆಯವರನ್ನು ಹೀಗೆ ಕೂರಿಸಬಾರದು ಎಂಬುದು ಅವರ ಕಟ್ಟುನಿಟ್ಟಾದ ನಿಯಮವಂತೆ. ಅವಸರದಲ್ಲಿ ಅದನ್ನು ಮುರಿದೆ ಎಂದು ಗೀತಾ ಆಮೇಲೆ ಬಹಳ ನೊಂದುಕೊಂಡಳು. ನನಗೆ ಅದೆಲ್ಲ ಗೊತ್ತಿರಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಹೋಗಿ ಲ್ಯಾಪ್‌ಟಾಪ್ ಮುಂದೆ ಕೂತೆ. ಅವಳು ಬಾಗಿಲು ಎಳೆದುಕೊಂಡು, ಫೋನ್ ಹಿಡಿದು ಮೇಲೆ ಹೋದಳು.

ಪರದೆಯ ಮೇಲೆ ಕನ್ನಡಕ ಹಾಕಿದ ಒಬ್ಬ ಹೆಂಗಸು. ಹೆಸರು ಮೇಹುವಾ ಎಂದು ಗೀತಾ ಹೇಳಿದ್ದಳು. ನಲವತ್ತು ದಾಟಿರಬಹುದು, ಮೊದಲು ಯಾವುದೋ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳಂತೆ. ಅವಳಿಗೂ ಕಣ್ಣಿನ ಕೆಳಗೆ ಕಪ್ಪಾಗಿತ್ತು. ದಿನದ ಕೆಲಸ ಮುಗಿಸಿ ಬಂದು ಕೂತಿದ್ದಳು ಎಂದು ಕಾಣುತ್ತದೆ. ಅವಳು ತಲೆ ಬಾಗಿಸಿದಳು, ನಾನು ಕೈ ಮುಗಿದೆ. ನನಗೆ ನಾಚಿಕೆಯಾಗಿ ಹುರುಳಿಸಾರಿನ ವಿಷಯ ಶುರು ಮಾಡಿದೆ. ಹುರುಳಿ ಬೇಯಿಸಿ ಕಟ್ಟು ಬಸಿಯುವಲ್ಲಿಗೆ ಬಂದು ಮಾತು ನಿಂತುಹೋಯಿತು. ಅವಳು ನೋಡುತ್ತಲೇ ಇದ್ದಳು. ಅರ್ಥವಾಗದವರು ಅಷ್ಟು ಗಮನ ಕೊಟ್ಟು ನೋಡುವುದನ್ನು ನಾನು ಕಂಡಿರಲಿಲ್ಲ. ಅರ್ಥವಾಗುವವರಲ್ಲೂ ಕಂಡಿರಲಿಲ್ಲ.

ಯಾಕೆ ಎಂದು ಕೇಳಬೇಡಿ, ನಾನು ಆಗ ಯಾರಿಗೂ ಹೇಳದ ಒಂದು ವಿಷಯವನ್ನು ಅವಳಿಗೆ ಹೇಳತೊಡಗಿದೆ. ಅವಳಿಗೆ ತಿಳಿಯುವುದಿಲ್ಲವಲ್ಲ ಎಂಬ ಧೈರ್ಯವೇ ಇರಬೇಕು.

ಗೀತಾಳಿಗಿಂತ ಮೊದಲು ನನಗೊಂದು ಗಂಡು ಮಗು ಹುಟ್ಟಿತ್ತು. ಬಾಣಂತನಕ್ಕೆ ತವರಿನವರು ಬಂದು ಕರೆದೊಯ್ಯುವ ಮೊದಲೇ, ದಿನ ತುಂಬದೆ, ನಿಟ್ಟೂರಿನ ಮನೆಯಲ್ಲೇ ನೋವು ಬಂತು. ಮಗು ಎರಡು ದಿನ ಇತ್ತು. ಹೆಸರಿಡಲಿಲ್ಲ. ನಾನು ಒಳಕೋಣೆಯಲ್ಲಿ ಮಲಗಿದ್ದೆ. ನಿಮ್ಮ ತಾತ ಹೆಗಲ ಟವೆಲ್ಲಿನಲ್ಲಿ ಮಗುವನ್ನು ಸುತ್ತಿಕೊಂಡು ಒಬ್ಬರೇ ಹೋದರು. ಅಂಥ ಮಗುವಿಗೆ ತಿಥಿಯಿಲ್ಲ, ಎಡೆಯಿಲ್ಲ, ತಾಯಿ ಆ ಕಡೆ ಹೋಗುವಂತೆಯೂ ಇಲ್ಲ. ಇನ್ನು ಅದರ ಮಾತೆತ್ತಬೇಡ, ಮುಂದೆ ಹುಟ್ಟುವುದಕ್ಕೆ ಒಳ್ಳೆಯದಲ್ಲ ಎಂದು ಅತ್ತೆ ಹೇಳಿದರು. ನಾನು ಎತ್ತಲಿಲ್ಲ. ನಿಮ್ಮ ತಾತನೂ ಎತ್ತಲಿಲ್ಲ. ಎಲ್ಲಿ ಮಣ್ಣು ಮಾಡಿದಿರಿ ಎಂದು ಕೇಳಬೇಕು, ಕೇಳಬೇಕು ಎಂದುಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದೆ. ರೈಲು ಹಳಿಯ ಪಕ್ಕದ ಸ್ಮಶಾನವೇ ಇರಬೇಕೆಂದು ನಾನಾಗಿಯೇ ತಿಳಿದು, ಆ ದಾರಿಯಲ್ಲಿ ಹೋಗುವಾಗ ಯಾರಿಗೂ ಕಾಣದಂತೆ ಕೈ ಮುಗಿಯುತ್ತಿದ್ದೆ. ಈಗ ಅವರೂ ಹೋದರು. ಇನ್ನು ಕೇಳಲು ಯಾರೂ ಇಲ್ಲ.

ಇಷ್ಟನ್ನೇ ನಾನು ಮೇಹುವಾಳಿಗೆ ಹೇಳಿದ್ದು. ಕೈ ಆಡಿಸಿ ತೋರಿಸಲಿಲ್ಲ, ಅಳಲಿಲ್ಲ. ನನ್ನ ಕೈ ಮಡಿಲಲ್ಲೇ ಇತ್ತು. ಹೊತ್ತು ಮುಗಿದಾಗ ಪರದೆ ತಾನಾಗಿಯೇ ಆರಿತು. ನಾನು ಎದ್ದು ಹೋಗಿ ಸೊಪ್ಪು ತೊಳೆಯತೊಡಗಿದೆ.

ಕತ್ತಲಾಗುವ ಹೊತ್ತಿಗೆ ಗೀತಾ ಮೆಟ್ಟಿಲಿಳಿದು ಬಂದಳು. ಬಂದವಳು ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಳು.

"ಅಮ್ಮ, ನಂಗೊಬ್ಬ ಅಣ್ಣ ಇದ್ನಾ?"

ನಾನು ಸೊಪ್ಪಿನ ನೀರಿನಲ್ಲಿ ಕೈ ಬಿಟ್ಟುಕೊಂಡೇ ನಿಂತೆ. ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆಯಾ ಎಂದು ಕೇಳಿದೆ. ಇಲ್ಲ, ನಾನು ಮಹಡಿ ಬಿಟ್ಟು ಇಳಿಯಲೇ ಇಲ್ಲ ಎಂದಳು. ಆಮೇಲೆ ನಡೆದದ್ದನ್ನು ಹೇಳಿದಳು. ಮೇಹುವಾ ತನ್ನ ಸರದಿಗೆ ಬಂದು ಸ್ವಲ್ಪ ಹೊತ್ತು ಅವರ ಭಾಷೆಯಲ್ಲಿ ಮಾತಾಡಿದಳಂತೆ. ಲಿನ್ ಅದನ್ನು ಇಂಗ್ಲಿಷಿಗೆ ತಿರುಗಿಸಿದಳಂತೆ. ಈ ತಾಯಿಯ ಮೊದಲ ಗಂಡು ಮಗು ಹೋಯಿತು, ಅದಕ್ಕೆ ಹೆಸರಿರಲಿಲ್ಲ, ಗಂಡ ಅದನ್ನು ಬಟ್ಟೆಯಲ್ಲಿ ಸುತ್ತಿ ಒಬ್ಬನೇ ಒಯ್ದ, ಎಲ್ಲಿಗೆ ಎಂದು ಈಕೆ ಕೇಳಲಿಲ್ಲ. ಇಷ್ಟು ಹೇಳಿ ಕೊನೆಗೆ, ಅವನು ವಾಪಸು ಬಂದಾಗ ಅವನ ಕಾಲು ಮಂಡಿಯವರೆಗೆ ಒದ್ದೆಯಾಗಿತ್ತು ಎಂದಳಂತೆ.

"ಕಾಲಿನ ವಿಷ್ಯ ನಾನ್ ಹೇಳ್ಲಿಲ್ಲ," ಎಂದೆ. ನನ್ನ ಬಾಯಿಂದ ಮೊದಲು ಬಂದದ್ದು ಅದೇ ಮಾತು. ಅಣ್ಣ ಇದ್ದನೋ ಇಲ್ಲವೋ ಎಂಬುದಕ್ಕೆ ನಾನು ಉತ್ತರ ಕೊಡುವ ಅಗತ್ಯವೇ ಉಳಿಯಲಿಲ್ಲ. ಗೀತಾ ಬಂದು ನನ್ನ ಪಕ್ಕ ನಿಂತಳು. ಆ ರಾತ್ರಿ ಅಡಿಗೆ ಆಗಲಿಲ್ಲ. ನಿಮ್ಮಪ್ಪ ಹೋಟೆಲಿನಿಂದ ಇಡ್ಲಿ ತಂದರು.

ಮುಂದಿನ ವಾರ ಗೀತಾ ಮೇಹುವಾಳನ್ನೂ ಲಿನ್‌ಳನ್ನೂ ಕೂರಿಸಿಕೊಂಡು ಕೇಳಿದಳು. ಮೇಹುವಾ ಬೆಪ್ಪಾದಳಂತೆ. ಈ ಅಮ್ಮ ಬಹಳ ದಣಿದಿದ್ದಾರೆ, ಏನನ್ನೋ ಯಾರನ್ನೋ ಕೇಳಲು ಕಾದು ಕಾದು ದಣಿದಿದ್ದಾರೆ ಎಂದಷ್ಟೇ ನಾನು ಹೇಳಿದ್ದು, ಮಗುವಿನ ಮಾತು ನನ್ನದಲ್ಲ ಎಂದಳು. ಲಿನ್ ಒಪ್ಪಲಿಲ್ಲ. ನಾನು ಕೇಳಿದ್ದನ್ನೇ ತಿರುಗಿಸಿದೆ, ನನ್ನ ಕೆಲಸವೇ ಅದು, ಸ್ವಂತ ಮಾತು ಸೇರಿಸುವವಳಲ್ಲ ಎಂದು ಅಳುವ ಹಾಗಾದಳಂತೆ. ಮೇಹುವಾ ಸರದಿಗೆ ಬಂದ ಆ ಸಂಜೆ ಈ ಮೂವರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ನಿಯಮದ ಪ್ರಕಾರ ಏನೂ ರೆಕಾರ್ಡ್ ಆಗಿರಲಿಲ್ಲ.

ಗೀತಾ ತನ್ನ ವಿದ್ಯೆಯ ಪ್ರಕಾರ ಒಂದು ಕಾರಣ ಹುಡುಕಿದಳು. ಚಿಕ್ಕವಳಿದ್ದಾಗ ಮನೆಯಲ್ಲಿ ಯಾರೋ ಆಡಿಕೊಂಡದ್ದು ತನ್ನ ಕಿವಿಗೆ ಬಿದ್ದಿರಬಹುದು, ಅದು ಒಳಗೆಲ್ಲೋ ಕೂತಿದ್ದು ಅಮ್ಮನನ್ನು ಪಾಠಕ್ಕೆ ಕೂರಿಸಿದ ದಿನ ಎದ್ದು ಬಂದಿರಬಹುದು, ಲಿನ್ ಹೇಳದ್ದನ್ನು ತಾನೇ ಕೇಳಿಸಿಕೊಂಡಿರಬಹುದು ಎಂದಳು. ಹಾಗಾದರೆ ಲಿನ್ ಯಾಕೆ ತಾನು ಹೇಳಿದೆ ಅನ್ನುತ್ತಾಳೆ ಎಂದು ಕೇಳಿದೆ. "ಅದೇ ಗೊತ್ತಾಗ್ತಿಲ್ಲ ಕಣಮ್ಮ," ಎಂದಳು.

ನನಗೆ ಕಾರಣ ಬೇಕಿರಲಿಲ್ಲ. ಕಾಲು ಒದ್ದೆಯಾಗಿತ್ತೇ ಇಲ್ಲವೇ ಎಂಬುದು ಬೇಕಿತ್ತು. ಸ್ಮಶಾನ ಇರುವುದು ಒಣ ದಿನ್ನೆಯ ಮೇಲೆ. ಅಲ್ಲಿಗೆ ಹೋದವರಿಗೆ ಮಂಡಿಯವರೆಗೆ ಒದ್ದೆಯಾಗುವುದಿಲ್ಲ.

ಒಂದು ಭಾನುವಾರ ನಾನೂ ಗೀತಾಳೂ ನಿಟ್ಟೂರಿಗೆ ಹೋದೆವು. ನಿಮ್ಮ ತಾತನ ತಂಗಿ ಪುಟ್ಟಮ್ಮ ಅಲ್ಲೇ ಮಗನ ಮನೆಯಲ್ಲಿದ್ದಾಳೆ. ಮಗು ಹೋದ ದಿನ ಅವಳು ಇನ್ನೂ ಲಂಗದ ಹುಡುಗಿ. ಕಾಫಿ ಕೊಟ್ಟು ಕೂತವಳನ್ನು, ನಿಮ್ಮಣ್ಣ ಮಗು ಮಣ್ಣು ಮಾಡಿ ಬಂದಾಗ ಅವರ ಕಾಲು ಹೇಗಿತ್ತು ಎಂದು ಕೇಳಿದೆ. ಅವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಯಾರ್ ಯೋಳುದ್ರು ಅತ್ಗೆ ನಿಂಗೆ? ಅಣ್ಣಯ್ಯ ಒಳೀಕೇ ಬರ್ಲಿಲ್ಲ. ಬೀದಿ ಬಾಗ್ಲಲ್ಲೇ ನಿಂತ್ಕಂಡ. ಮಂಡೀಗಂಟ ನೀರು, ಕೆಸರು. ನಾನೇ ಚೆಂಬಲ್ಲಿ ಉಯ್ದು ತೊಳ್ದೆ. ಯಾರ್ಗೂ ಯೋಳ್ಬ್ಯಾಡ ಅಂದಿದ್ದ, ಅವ್ನ್ ಸಾಯಗಂಟ್ಲೂ ಯೋಳಿಲ್ಲ."

ಚೀನಾದ ಹೆಂಗಸಿನ ವಿಷಯವನ್ನು ಗೀತಾ ಅವಳಿಗೆ ಹೇಳಿದಳು. ಪುಟ್ಟಮ್ಮ ನಮ್ಮಿಬ್ಬರ ಮುಖವನ್ನೂ ನೋಡಿ, "ಬುಡು, ಚೀನಾದೋಳ್ಗೆ ನಮ್ ಕೆರೆ ನೀರ್ ಯಂಗ್ ಗೊತ್ತಾಯ್ತದೆ? ನಮ್ಮನೆ ಸೊಸೆಗೇ ಗೊತ್ತಿಲ್ಲ," ಎಂದಳು. ನಗಲು ಹೋಗಿ ನಗಲಿಲ್ಲ.

ಕೆರೆಯ ಹಿನ್ನೀರಿನಾಚೆ ಆಗ ನಮ್ಮದೊಂದು ಚೂರು ಹೊಲವಿತ್ತು, ಮಳೆಗಾಲದಲ್ಲಿ ನೀರು ದಾಟಿಯೇ ಹೋಗಬೇಕಿತ್ತು. ಮಾರಿ ಬಹಳ ವರ್ಷವಾಯಿತು. ಸ್ಮಶಾನದಲ್ಲಿ ಬಿಡಲು ಅವರಿಗೆ ಮನಸ್ಸು ಬಂದಿರಲಿಲ್ಲ, ಸ್ವಂತ ನೆಲಕ್ಕೆ ಒಯ್ದಿದ್ದರು ಎಂದು ಪುಟ್ಟಮ್ಮ ಹೇಳಿದಳು. ಮೂವರೂ ಅಲ್ಲಿಗೆ ನಡೆದೆವು. ಈಗ ಅಲ್ಲಿ ತೆಂಗಿನ ತೋಟ, ಸಾಲಿಗೆ ಕಪ್ಪು ಪೈಪು ಎಳೆದಿದ್ದಾರೆ. ಯಾವ ಮೂಲೆ ಎಂದು ಪುಟ್ಟಮ್ಮನಿಗೂ ತಿಳಿಯದು. ತೋಟದವನು ನಮ್ಮನ್ನು ಕಂಡು ಬಂದು, ಯಾರು ಬೇಕಿತ್ತಮ್ಮ ಎಂದು ಕೇಳಿದ.

"ನಮ್ಮಣ್ಣ ಇಲ್ಲೆಲ್ಲೋ ಇದಾನೆ," ಎಂದಳು ಗೀತಾ.

ಅವನು ಸುತ್ತ ನೋಡಿ, "ಬೆಳಗಿಂದ ಯಾರೂ ಬಂದಿಲ್ವಲ್ಲಮ್ಮ," ಎಂದ. ಪುಟ್ಟಮ್ಮ ಅವನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದಳು. ಅವನು ಹೋಗಿ ಮೋಟರ್ ನಿಲ್ಲಿಸಿದ. ತೋಟವೆಲ್ಲ ನಿಶ್ಶಬ್ದವಾಯಿತು. ಅಲ್ಲಿ ನಾನು ಅತ್ತುಬಿಟ್ಟೆ. ಮಗುವಿಗೆ ಎಷ್ಟು, ನಿಮ್ಮ ತಾತನಿಗೆ ಎಷ್ಟು ಎಂದು ಹೇಳಲಾರೆ. ಗೀತಾ ಸುಮ್ಮನೆ ಪಕ್ಕದಲ್ಲಿ ನಿಂತಿದ್ದಳು, ಸಾಕು ಎನ್ನಲಿಲ್ಲ.

ಮೇಹುವಾ ಕಲಿತು ಮುಗಿಸಿದ್ದಾಳೆ. ಈಗ ಅವಳ ಊರಿನಲ್ಲೇ ಜನ ಅವಳ ಹತ್ತಿರ ಬರುತ್ತಾರಂತೆ. ಅಮ್ಮನ ಆಯಾಸ ಕಡಿಮೆಯಾಯಿತೇ ಎಂದು ಒಮ್ಮೆ ಗೀತಾಳ ಮೂಲಕ ಕೇಳಿಸಿದ್ದಳು. ಇಲ್ಲ ಎಂದೆ. ನಿಜ ಹೇಳಬೇಕಲ್ಲ. ಈಗಲೂ ಬೆಳಿಗ್ಗೆ ಏಳುವಾಗ ಮೈ ಭಾರವೇ.

ಗಾಳಿ, ಗ್ರಹ ಈಗಲೂ ನಾನು ನಂಬುವುದಿಲ್ಲ. ಆದರೆ ಆ ಒದ್ದೆ ಕಾಲನ್ನು ಕಂಡವರು ಇಬ್ಬರೇ. ಒಬ್ಬರು ತೀರಿಕೊಂಡರು, ಇನ್ನೊಬ್ಬಳು ಬಾಯಿ ಬಿಟ್ಟಿರಲಿಲ್ಲ. ಮೇಹುವಾ ಹೇಳಲಿಲ್ಲ ಅನ್ನುತ್ತಾಳೆ, ಲಿನ್ ಕೇಳಿದೆ ಅನ್ನುತ್ತಾಳೆ, ನಿಮ್ಮಮ್ಮನಿಗೆ ಯಾರನ್ನು ನಂಬಬೇಕೋ ತಿಳಿಯದು. ಯೋಚಿಸಿ ಯೋಚಿಸಿ ನನಗೆ ಸಾಕಾಗಿದೆ. ಓದಿದವರು ನೀವು, ಗೊತ್ತಾದರೆ ನನಗೂ ಹೇಳಿ. ಗೊತ್ತಾಗದಿದ್ದರೂ ಚಿಂತೆಯಿಲ್ಲ. ನಿಮಗೊಬ್ಬ ಸೋದರಮಾವ ಇದ್ದ, ನಿಟ್ಟೂರಿನಲ್ಲಿ ಕೆರೆಯಾಚೆ ಇದ್ದಾನೆ. ಅಷ್ಟು ತಿಳಿದಿರಲಿ.