ದುಂಡವ್ವನ ಕಾಲಿನ ತಕ್ಕಡಿ

ಮೂಡಲಗಿಯ ಹಸುಗೂಸುಗಳಿಗೆ ನೀರೆರೆಯುವ ದುಂಡವ್ವನ ಹತ್ತಿರ ತಕ್ಕಡಿ ಇರಲಿಲ್ಲ, ಕಾಲುಗಳಿದ್ದವು. ಬಚ್ಚಲಿನಲ್ಲಿ ಎರಡೂ ಕಾಲು ಚಾಚಿ ಕೂಸನ್ನು ಮೇಲೆ ಬೋರಲು ಹಾಕಿಕೊಂಡರೆ ಸಾಕು, ನಿನ್ನೆಗಿಂತ ಭಾರವೋ ಹಗುರವೋ ಮೊಣಕಾಲೇ ಹೇಳುತ್ತಿತ್ತು. ಮೂವತ್ತು ವರ್ಷದಲ್ಲಿ ಆ ಕಾಲು ಸುಳ್ಳು ಹೇಳಿದ್ದಿಲ್ಲ. ಮೂವತ್ತೆಂಟನೇ ಇಸವಿಯ ಆ ಚಳಿಗಾಲದಲ್ಲಿ ಮಾತ್ರ ಅದು ಸುಳ್ಳು ಹೇಳಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳು. ಕಾಶೆವ್ವನ ಮೊಮ್ಮಗಳು ದಿನದಿನಕ್ಕೆ ಹಗುರಾಗುತ್ತಿದ್ದಳು.

ಕೂಸಿಗೆ ಏಳನೇ ತಿಂಗಳು. ತಾಯಿ, ಅಂದರೆ ಕಾಶೆವ್ವನ ಸೊಸೆ ಗೌರವ್ವನಿಗೆ ಚಳಿಜ್ವರ ಬಂದು ಹೋದಮೇಲೆ ಎದೆಹಾಲು ಇಳಿದಿತ್ತು. ಕೂಸೋ, ಕತ್ತು ನಿಲ್ಲಿಸಿ ಕೂತು, ಯಾರು ರೊಟ್ಟಿ ಮುರಿದರೂ ಅವರ ಕೈಯನ್ನೇ ಬಾಯಿಯ ತನಕ ಕಣ್ಣಲ್ಲಿ ಹಿಂಬಾಲಿಸುತ್ತಿತ್ತು. ಇನ್ನೇನು, ಡಂಗುರ ಸಾರಬೇಕೇ? ಆದರೆ ಆ ಮನೆಯ ಪದ್ಧತಿಯಲ್ಲಿ ಸೋದರಮಾವ ಬೆಳ್ಳಿ ಬಟ್ಟಲು ತಂದು ಮೊದಲ ತುತ್ತು ಇಡುವ ತನಕ ಕೂಸಿನ ನಾಲಿಗೆಗೆ ಅನ್ನ ತಾಕುವಂತಿಲ್ಲ. ಮಾವ ಗುರುಲಿಂಗಪ್ಪ ಸಂಕೇಶ್ವರದ ಬೆಲ್ಲದ ವ್ಯಾಪಾರಿ. ಗಾಣದ ಹಂಗಾಮು ಮುಗಿಯದೆ ಬರುವ ಆಸಾಮಿಯಲ್ಲ.

“ಕೂಸು ಸೊರಗಾಕತ್ತೈತ್ರಿ ಕಾಶೆವ್ವಾರ, ಒಂದ್ ಬೆರಳ ಗಂಜಿ ನೆಕ್ಕಸ್ರಿ,” ಎಂದಳು ದುಂಡವ್ವ.

“ಮಾವ ಬರೋಕಿಂತ ಮೊದಲ ಯಾರೋ ಏನೋ ನೆಕ್ಕಿಸಿ ನನ್ನ ಚೊಚ್ಚಲ ಕೂಸು ಹೋತು. ಇನ್ನೊಮ್ಮಿ ಆಗಗೊಡಂಗಿಲ್ಲ. ನೀರ ಹಾಕಾಕ ಬಂದಾಕಿ, ನೀರ ಹಾಕಿ ಹೋಗು,” ಎಂದಳು ಕಾಶೆವ್ವ.

ದುಂಡವ್ವ ನೀರು ಹಾಕಿ ಹೋದಳು. ಮನೆಯಲ್ಲಿ ಕೂತಳು, ಎದ್ದಳು, ಅಂಗಳಕ್ಕೆ ಬಂದಳು, ಮತ್ತೆ ಒಳಗೆ ಹೋದಳು. ಕಾಲ ಮೇಲಿನ ಆ ಹಗುರ ಹೋಗಲೊಲ್ಲದು. ಮರುದಿನ ಎಣ್ಣೆಬಟ್ಟಲಿನ ಜೊತೆ ಇನ್ನೊಂದು ಬಟ್ಟಲು ಸೆರಗಿನಡಿ ಬಂತು: ಅಕ್ಕಿ, ಹೆಸರುಬೇಳೆ ಹುರಿದು ಬೀಸಿದ ಹಿಟ್ಟಿನ ತೆಳು ಗಂಜಿ. ಮಲಗಿಸಿ ತಿನ್ನಿಸಿದರೆ ನೆತ್ತಿಗೇರುತ್ತದೆಂದು ಕೂಸನ್ನು ನೆಟ್ಟಗೆ ಕೂರಿಸಿ, ಕಿರುಬೆರಳ ತುದಿ ನೆಕ್ಕಿಸಿದಳು. ಕೂಸು ಮುಖ ಕಿವುಚಿ ನಾಲಿಗೆಯಿಂದ ಹೊರಗೆ ದಬ್ಬಿತು.

“ದಬ್ಬು ನನ್ನವ್ವ, ನಾಳಿ ನುಂಗತಿ.”

ಮೂರನೇ ದಿನ ನುಂಗಿತು. ಒಂದು ಬೆರಳು ಎರಡಾಯಿತು, ಗಂಜಿ ಗಟ್ಟಿಯಾಯಿತು. ಹೊರಗೆ ಹೆಜ್ಜೆ ಸಪ್ಪಳವಾದರೆ ದುಂಡವ್ವ ಬಟ್ಟಲನ್ನು ಸೆರಗಿನಡಿ ಸರಿಸುತ್ತಿದ್ದಳು. ಸಿಕ್ಕಿಬಿದ್ದರೆ ಊರಿನ ಯಾವ ಮನೆಯವರೂ ಅವಳನ್ನು ಬಚ್ಚಲಿಗೆ ಬಿಟ್ಟುಕೊಳ್ಳುವುದಿಲ್ಲ. ಆದರೂ ಕೂಸು ಭಾರವಾಗುತ್ತಿತ್ತು.

ತಿಂಗಳು ಕಳೆದು ಗುರುಲಿಂಗಪ್ಪ ಬಂದ. ಮೊದಲ ತುತ್ತನ್ನು ಎಲ್ಲ ಕೂಸುಗಳೂ ಉಗುಳುತ್ತವೆ. ನೆರೆದವರು ಅದನ್ನು ನೋಡಿ ನಗಲೆಂದೇ ಕಾದಿದ್ದರು. ಈ ಕೂಸು ಹಳೇ ಗಿರಾಕಿಯಂತೆ ಬಾಯಿ ತೆರೆದು, ಪಾಯಸ ನುಂಗಿ, ಮಾವನ ಬೆರಳನ್ನೇ ಹಿಡಿದೆಳೆಯಿತು. ಎಲ್ಲರೂ ನಕ್ಕರು. ಕಾಶೆವ್ವ ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ದುಂಡವ್ವನ ಮುಖ ನೋಡಿದಳು, ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದಳು.

“ನೀನ ತಿನಸಿದಿ?”

“ಹೂಂನ್ರಿ.”

“ಎಷ್ಟ ಕೂಸಿಗೆ ಹಿಂಗ ಮಾಡಿದಿ?”

“ಕಾಲಿಗೆ ಹಗುರ ಅನಿಸಿದ್ದಕ್ಕೆಲ್ಲಾ. ನಿಮ್ಮ ಮಗ ಅಪ್ಪಣ್ಣಗೂ.”

ಕಾಶೆವ್ವ ಹಿಡಿದಿದ್ದ ರಟ್ಟೆ ಬಿಟ್ಟಳು. “ನನ್ನ ಚೊಚ್ಚಲದಕ್ಕೂ?”

ದುಂಡವ್ವ ತನ್ನ ಕಾಲು ನೋಡಿಕೊಂಡಳು. ಅದು ಅವಳು ನೀರೆರೆದ ಮೊಟ್ಟಮೊದಲ ಕೂಸು.

“ಇಲ್ಲರಿ. ಅದಕ್ಕೊಂದಕ್ಕ ತಿನಸಲಿಲ್ಲ. ಯಾರೂ ತಿನಸಲಿಲ್ಲ. ದಿನಾ ಹಗುರ ಆಗೋದು ಗೊತ್ತಾಗತಿತ್ತು. ನಿಮಗ ಅಂಜಿದ್ನಿ.”

ಕಾಶೆವ್ವ ಕಂಬ ಹಿಡಿದು ಕೂತುಬಿಟ್ಟಳು. ಚೊಚ್ಚಲಿಗೆ ಏನೋ ನೆಕ್ಕಿಸಿದರೆಂದು, ಕಾಣದ ಯಾರಿಗೋ ಮೂವತ್ತು ವರ್ಷ ಹಾಕಿದ ಶಾಪವೆಲ್ಲ ತಿರುಗಿ ಅವಳ ಬಾಯಿಗೇ ಬಂತು. ಒಳಗೆ ಕೂಸು ಇನ್ನೂ ಬೇಕೆಂದು ಬಟ್ಟಲು ಬಡಿಯುತ್ತಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹೋಗು, ಹೊಟ್ಟಿ ತುಂಬಸು,” ಎಂದಳು. “ಪಡಸಾಲ್ಯಾಗ ಕುಂತು, ಎಲ್ಲಾರ ಮುಂದ ತಿನಸು.”