ಕೊನೆಯದನ್ನು ಕೊಡದ ಸ್ಟಾಕಿಲ್ಲಪ್ಪ

ಸ್ಟಾಕಿಲ್ಲಪ್ಪ ಎಂಬ ಹೆಸರನ್ನು ಅವನಿಗೆ ಇಟ್ಟವರು ಕಾರ್ಖಾನೆಯ ಫಿಟ್ಟರುಗಳು. ಅಲ್ಲಿನ ಸ್ಟೋರಿನಲ್ಲಿ, ತಂತಿ ಜಾಲರಿಯ ಹಿಂದೆ ಕೂತೇ ಅವನು ತಲೆಗೂದಲು ಬೆಳ್ಳಗೆ ಮಾಡಿಕೊಂಡಿದ್ದ. ಯಾರಾದರೂ ಮಿಷನ್ನಿನ ಬೆಲ್ಟು ಕೇಳಿದರೆ ಮೊದಲು ಹರಿದ ಹಳೆಯದನ್ನು ತಂದು ತೋರಿಸಬೇಕು. ತೋರಿಸಿದರೂ, ಶೆಲ್ಫಿನಲ್ಲಿ ಒಂದೇ ಒಂದು ಉಳಿದಿದ್ದರೆ, "ಸ್ಟಾಕಿಲ್ಲಪ್ಪ" ಎಂದು ಕೈಯಲ್ಲಾಡಿಸಿಬಿಡುತ್ತಿದ್ದ. ಕೊನೆಯದನ್ನು ಕೊಟ್ಟವನು ಸ್ಟೋರ್ ಕೀಪರೇ ಅಲ್ಲ ಎಂಬುದು ಅವನ ಸಿದ್ಧಾಂತ. ಅತ್ತ ಮಿಷನ್ನು ನಿಂತು ಫಿಟ್ಟರುಗಳು ನೊಣ ಹೊಡೆಯುತ್ತಿದ್ದರೆ, ಇತ್ತ ಹೊಸ ಬೆಲ್ಟು ಶೆಲ್ಫಿನಲ್ಲೇ ಒಣಗಿ ಬಿರುಕು ಬಿಡುತ್ತಿತ್ತು. ಸಂಜೆ ಮನೆಗೆ ಬಂದು ಇದನ್ನೆಲ್ಲ ಹೆಂಡತಿಯ ಮುಂದೆ ಎದೆಯುಬ್ಬಿಸಿ ಹೇಳುವುದು ಬೇರೆ.

ಹೆಂಡತಿ ಶಾಲಾ ಬಸ್ಸಿನ ಡ್ರೈವರಾಗಿದ್ದವಳು. ಒಂದು ಜಾಕು, ಒಂದು ಸ್ಪ್ಯಾನರು, ಕ್ಯಾನಿನಲ್ಲಿ ನೀರು, ಕೈ ಒರೆಸಲು ಹಳೇ ಬಟ್ಟೆ, ಇಷ್ಟನ್ನು ಸೀಟಿನ ಕೆಳಗೆ ತುರುಕಿಕೊಂಡು ಊರಿನ ಅರ್ಧ ಮಕ್ಕಳನ್ನು ಮನೆ ಮುಟ್ಟಿಸಿದವಳು. ಅಂಥವಳಿಗೆ ಇಂಥ ಗಂಡ. ಹೊಸ ಸೋಪು ಬೀರುವಿನಲ್ಲಿ ಘಮಘಮಿಸುತ್ತಿದ್ದರೂ, ಅದು ಕೊನೆಯದು ಎಂಬ ಕಾರಣಕ್ಕೆ ಅವಳು ಬಚ್ಚಲಲ್ಲಿ ಬಿಲ್ಲೆಯಷ್ಟಾದ ಚೂರನ್ನೇ ಉಜ್ಜಿಕೊಳ್ಳಬೇಕಿತ್ತು. ಹೇಳಿ ಹೇಳಿ ಸಾಕಾಗಿ ಅವಳು ಆ ಮಾತನ್ನೇ ಬಿಟ್ಟಿದ್ದಳು.

ಸ್ಟೀರಿಂಗು ಹಿಡಿದೂ ಹಿಡಿದೂ ಅವಳ ಬೆನ್ನು ಕೈಕೊಟ್ಟಿತು. ಆಪರೇಷನ್ ಆದ ಮೇಲೆ ಡಾಕ್ಟರು, ಇನ್ನು ಗಾಡಿ ಓಡಿಸುವ ಮಾತೇ ಬೇಡ, ತುಂಬಾ ಹೊತ್ತು ಕೂರುವುದೂ ಬೇಡ, ಆಗಾಗ ಮಲಗಿ ಬೆನ್ನಿಗೆ ಬಿಡುವು ಕೊಡಬೇಕು ಎಂದರು. ಅದೇ ಹೊತ್ತಿಗೆ ಅವಳ ಅಕ್ಕನಿಗೆ ಕಣ್ಣು ಮಂಜಾಗತೊಡಗಿತು. ತಿರುಗಿ ಬರುವ ಕಣ್ಣಲ್ಲವಂತೆ. ದಿನದಿನಕ್ಕೂ ಕತ್ತಲೆಯೇ ಹೆಚ್ಚುತ್ತದಂತೆ. ಅಕ್ಕನ ಊರಿಗೆ ರೈಲಿಲ್ಲ, ಬಸ್ಸಿನಲ್ಲಿ ಕೂತು ಹೋಗಲು ಇವಳ ಬೆನ್ನಿಗೆ ಆಗದು. ಫೋನು ಮಾಡಿದಾಗಲೆಲ್ಲ ಅಕ್ಕ ಒಂದೇ ಕೇಳುತ್ತಿದ್ದಳು, ಪೂರ್ತಿ ಕತ್ತಲಾಗುವ ಮೊದಲು ನಿನ್ನ ಮುಖ ಒಂದು ಸಲ ನೋಡಿಬಿಡಬೇಕು, ಬಾ. ಅಪ್ಪ ಅಮ್ಮ ಇಲ್ಲ, ಅಣ್ಣನೂ ಇಲ್ಲ. ಒಡಹುಟ್ಟಿದವರು ಎಂದು ಉಳಿದಿದ್ದು ಅಕ್ಕ ಒಬ್ಬಳೇ.

ಅದಕ್ಕೇ ಬಂದದ್ದು ಆ ಮೋಟರ್‌ಹೋಮ್. ಬೀದಿಯವರು ಅದನ್ನು ಮನೆಗಾಡಿ ಎಂದು ಕರೆದರು. ಯಾರೋ ಬಳಸಿ ಬಿಟ್ಟದ್ದು. ಒಳಗೊಂದು ಒಲೆ, ಒಂದು ಸಿಂಕು, ಹಿಂದೆ ಅಗಲವಾದ ಹಾಸಿಗೆ. ಮಲಗಿಕೊಂಡೇ ಅಕ್ಕನ ಬಾಗಿಲಿಗೆ ಹೋಗಿ ಇಳಿಯಬಹುದು ಎಂದು ಅವಳು ಹಿಗ್ಗಿದಳು. ಪಾಪ, ಗಾಡಿಗೆ ಡ್ರೈವರು ಸಿಗುತ್ತಾನೆ ಎಂದುಕೊಂಡಿದ್ದಳು. ಸಿಕ್ಕಿದ್ದು ಸ್ಟೋರ್ ಕೀಪರು.

ಮೊದಲು ನೀರು ತುಂಬಿಸುವ ಪೈಪು ಬಂತು. ಒಂದಲ್ಲ, ಎರಡು. ಒಂದನ್ನು ಬಳಸಿದರೆ ಸ್ಟಾಕಿನಲ್ಲಿ ಒಂದು ಇರಬೇಕಲ್ಲ. ಗಾಲಿಗೆ ಅಡ್ಡ ಕೊಡುವ ಮರದ ತುಂಡುಗಳು, ಜಾಕು, ಟೈರಿನ ಗಾಳಿ ನೋಡುವ ಮೀಟರು, ಬೆಂಕಿ ಆರಿಸುವ ಸಿಲಿಂಡರು, ಗ್ಯಾಸಿನ ಪೈಪು, ಕಕ್ಕಸಿನ ಟ್ಯಾಂಕು ಖಾಲಿ ಮಾಡಲು ಮೊಣಕೈ ಮಟ್ಟದ ಕೈಗವಸು, ಎಲ್ಲವೂ ಎರಡೆರಡು. ಫ್ಯೂಸಿನ ಡಬ್ಬಿ ಎರಡು. ಟಾರ್ಚುಗಳದ್ದಂತೂ ಒಂದು ಸಂಸಾರವೇ ಇತ್ತು: ಕೈಯಲ್ಲಿ ಹಿಡಿಯುವುದು, ತಲೆಗೆ ಕಟ್ಟುವುದು, ಮೊಳೆಗೆ ನೇತುಹಾಕುವುದು, ಪ್ಯಾಕೆಟ್ಟು ಬಿಚ್ಚದ ಪುಟ್ಟದ್ದು, ಪ್ರತಿಯೊಂದಕ್ಕೂ ಒಂದು ಜೋಡಿ. ಯಾವಾಗ ಹೊರಡುವುದು ಎಂದರೆ, ಇನ್ನೊಂದು ಹಗ್ಗ ಬರಬೇಕು ಎನ್ನುತ್ತಿದ್ದ. ಹಗ್ಗ ಬಂದರೆ ಟಾರ್ಪಾಲು. ಬೇಸಿಗೆ ಕಳೆದು ಮಳೆ ಶುರುವಾಯಿತು. ಗಾಡಿ ಅಂಗಳ ಬಿಟ್ಟು ಕದಲಲಿಲ್ಲ. ಅದರ ಕೆಳಗೆ ಬೀದಿಯ ಬೆಕ್ಕು ಮರಿ ಹಾಕಿ, ಮರಿಗಳು ದೊಡ್ಡವಾಗಿ ಎದ್ದು ಹೋದವು.

ಒಂದು ಬೆಳಿಗ್ಗೆ ಅಕ್ಕನ ಸೊಸೆ ಫೋನು ಮಾಡಿದಳು. ಅತ್ತೆಗೆ ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದರಲ್ಲಿ ಜೋರು ಬೆಳಕಿದ್ದರೆ ಮಾತ್ರ ಅಷ್ಟಿಷ್ಟು ಕಾಣುತ್ತದೆ ಎಂದಳು. ಇವಳು ಫೋನಿಟ್ಟು ನೇರ ಗಾಡಿಯೊಳಗೆ ಹತ್ತಿದಳು. ಯಾವ ಹಾಸಿಗೆಗಾಗಿ ಈ ಗಾಡಿ ಕೊಂಡರೋ ಆ ಹಾಸಿಗೆ ಕಾಣಲೇ ಇಲ್ಲ. ಅದರ ಮೇಲೆ ಸೂರು ಮುಟ್ಟುವಂತೆ ಡಬ್ಬಿಗಳನ್ನು ಪೇರಿಸಿಟ್ಟಿದ್ದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬೆನ್ನನ್ನೂ ಲೆಕ್ಕಿಸದೆ ಪ್ರತಿ ಜೋಡಿಯಲ್ಲಿ ಒಂದನ್ನು ಎತ್ತಿ ಅಂಗಳಕ್ಕೆ ಎಸೆದಳು. ಪೈಪು, ಜಾಕು, ಫ್ಯೂಸಿನ ಡಬ್ಬಿ, ಟಾರ್ಚು, ಯಾವುದನ್ನೂ ಬಿಡಲಿಲ್ಲ. ಸ್ಟಾಕಿಲ್ಲಪ್ಪ ಬಾಗಿಲಲ್ಲಿ ನಿಂತು ಪ್ರತಿ ಸದ್ದಿಗೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹಾಸಿಗೆ ಖಾಲಿಯಾದ ಮೇಲೆ ಅವಳು ಮಲಗಿ, ಈಗ ಹೊರಡಿ ಎಂದಳು. ಅವಳ ಮುಖ ನೋಡಿ ಅವನು ತೆಪ್ಪಗೆ ಹೊರಟ.

ಅವನ ಡ್ರೈವಿಂಗಿನ ಬಗ್ಗೆ ಹೇಳದಿರುವುದೇ ವಾಸಿ. ಸೈಕಲ್ಲಿನವರು ಬೆಲ್ಲು ಹೊಡೆದು ಮುಂದೆ ಹೋದರು. ಬೆನ್ನಡಿಯಲ್ಲಿ ಗೇರು ಕಿರುಗುಟ್ಟಿದಾಗಲೆಲ್ಲ ಹಲ್ಲು ಕಚ್ಚಿಕೊಳ್ಳುವುದೇ ಅವಳ ಪಾಡಾಯಿತು. ಮರುದಿನ, ಎತ್ತ ನೋಡಿದರೂ ಬಯಲೇ ಇದ್ದ ಕಡೆ, ಗಾಡಿ ನಿಂತೇಹೋಯಿತು. ಡೀಸೆಲ್ ಪಂಪಿನ ಫ್ಯೂಸು ಹೋಗಿದೆ ಎಂದು ಅವನೇ ಕಂಡುಹಿಡಿದ. ಡಬ್ಬಿ ತೆರೆದ. ಅದೇ ಸೈಜಿನದು ಇತ್ತು. ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದವನು ಮತ್ತೆ ಡಬ್ಬಿಗೇ ಹಾಕಿದ.

"ಒಂದೇ ಇದೆ ಕಣೇ," ಎಂದ. ಯಾವುದಾದರೂ ಲಾರಿ ಹತ್ತಿ ಮುಂದಿನ ಊರಿಗೆ ಹೋಗಿ ಇನ್ನೊಂದು ತಂದುಬಿಡುತ್ತೇನೆ, ಆಮೇಲೆ ಇದನ್ನು ಹಾಕಬಹುದು ಎಂದೂ ಹೇಳಿದ. ತಮಾಷೆಗಲ್ಲ. ಆಗಲೇ ಕಾಲಿಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ.

ಅವಳಿಗೆ ಕೂಗಾಡಲು ಶಕ್ತಿ ಇರಲಿಲ್ಲ. ಮಲಗಿದಲ್ಲಿಂದಲೇ ಹೇಳಿದಳು: "ನನಗೂ ಅಕ್ಕ ಅಂತ ಒಬ್ಬಳೇ ರೀ ಉಳಿದಿರೋದು. ಅವಳದ್ದು ಒಂದೇ ಕಣ್ಣು. ಅದಕ್ಕೆ ಇನ್ನೊಂದು ಯಾವ ಊರಿಂದ ತರ್ತೀರಿ?"

ಅವನು ಚಪ್ಪಲಿ ಕಳಚಿ ಒಳಗೆ ಬಂದು ಫ್ಯೂಸು ಹಾಕಿದ. ಗಾಡಿ ಹೊರಟಿತು.

ಅಕ್ಕನ ಕೋಣೆ ಹಿಂಬದಿಯಲ್ಲಿತ್ತು. ಇದ್ದೊಂದು ಕಿಟಕಿಗೆ ಪಕ್ಕದ ಮನೆಯ ಗೋಡೆ ಅಡ್ಡ. ಹೊರಗೆ ಮೋಡ, ಮನೆಯಲ್ಲಿ ಕರೆಂಟು ಹೋಗಿತ್ತು. ಅಕ್ಕ ತಂಗಿಯ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯತ್ತ ತಿರುಗಿಸಿದಳು, ಹತ್ತಿರ ಎಳೆದುಕೊಂಡಳು, ದೂರ ಹಿಡಿದಳು. ಕೊನೆಗೆ ಕೈಬಿಟ್ಟು, ಹೋಗಲಿ ಬಿಡೇ, ದನಿ ಕೇಳಿದೆನಲ್ಲ ಎಂದಳು. ಹಗ್ಗ ಟಾರ್ಪಾಲು ಎಂದು ಬೇಸಿಗೆಯನ್ನು ನುಂಗಿದವನಿಗೆ ಮಂಗಳಾರತಿ ಎತ್ತೋಣ ಎಂದು ತಂಗಿ ತಿರುಗಿದರೆ ಅವನು ಅಲ್ಲಿರಲೇ ಇಲ್ಲ. ಇಂಥ ಹೊತ್ತಲ್ಲೂ ಸಾಮಾನು ಎಣಿಸಲು ಹೋಗಿರಬೇಕು, ದರಿದ್ರದವನು, ಎಂದುಕೊಂಡಳು.

ಅವನು ಟಾರ್ಚುಗಳನ್ನು ತಬ್ಬಿಕೊಂಡು ಬಂದ. ನೇತುಹಾಕುವುದನ್ನು ಕಿಟಕಿಯ ಸರಳಿಗೆ ಸಿಕ್ಕಿಸಿದ. ಇನ್ನೊಂದನ್ನು ತಲೆಗೆ ಕಟ್ಟಿಕೊಂಡ. ದೊಡ್ಡದನ್ನು ಕೈಯಲ್ಲಿ ಹಿಡಿದು ಹೆಂಡತಿಯ ಮುಖಕ್ಕೆ ಬಿಟ್ಟ. ಆಮೇಲೆ ಯಾರೂ ಹೇಳದಿದ್ದರೂ, ಪುಟ್ಟ ಟಾರ್ಚಿನ ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿದು, ಅದನ್ನೂ ಹೊತ್ತಿಸಿದ. ಅವಳಿಗೆ ಕಣ್ಣು ಕುಕ್ಕಿ ನೀರು ಬಂತು.

ಅಕ್ಕ ಬಗ್ಗಿದಳು. "ಮೂಗು ಅಮ್ಮಂದೇ," ಎಂದಳು. ಹಣೆಯ ಮೇಲೆ ಬೆರಳಿಟ್ಟು, ಈ ಗಾಯ ನಾನು ಉಯ್ಯಾಲೆಯಿಂದ ತಳ್ಳಿದಾಗಿನದು, ಇನ್ನೂ ಹೋಗಿಲ್ಲವಾ ಎಂದು ಕೇಳಿ ನಕ್ಕಳು. ಹಾಗೇ ತುಂಬಾ ಹೊತ್ತು ನೋಡಿದಳು. ಆಮೇಲೆ ಬೆಳಕು ಬಂದ ಕಡೆಗೆ ಮುಖ ಎತ್ತಿ ಹೇಳಿದಳು: "ಇವಳ ಕಣ್ಣು ಮಾತ್ರ ಸರಿಯಾಗಿ ಕಾಣ್ತಿಲ್ಲ. ಇನ್ನೊಂದೆರಡು ಇದ್ರೆ ಹಿಡೀರಿ."

"ಸ್ಟಾಕಿಲ್ಲ ಅಕ್ಕ," ಎಂದ ಅವನು.

ಇಷ್ಟು ವರ್ಷಗಳಲ್ಲಿ ಆ ಬಾಯಿಂದ ಆ ಮಾತು ನಿಜವಾಗಿ ಬಂದದ್ದು ಅದೇ ಮೊದಲು. ಉಳಿದ ಟಾರ್ಚುಗಳು ಅಲ್ಲಿ ತಮ್ಮ ಮನೆಯ ಅಂಗಳದಲ್ಲಿ, ಅವಳೇ ಎಸೆದ ಜಾಗದಲ್ಲಿ, ಮಳೆಯಲ್ಲಿ ನೆನೆಯುತ್ತಿದ್ದವು.